'ಬಟ್', 'ಬೆನ್': ಈ ಎರಡು ಕೋಣೆಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಹತ್ತೊಂಬತ್ತನೇ ಶತಮಾನದ ಸ್ಕಾಟ್‌ಲೆಂಡಿನ ನೇಕಾರರ ಮನೆಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪುಟ್ಟ ಪದಗಳ ಹತ್ತಿರ ನಾಲ್ಕು ದಿನದಿಂದ ನಿಂತುಬಿಟ್ಟಿದ್ದೇನೆ.

ಅಲ್ಲಿ ದುಡಿದು ಉಣ್ಣುವವರ ಎರಡು ಕೋಣೆಯ ಮನೆಗೆ 'ಬಟ್ ಅಂಡ್ ಬೆನ್' ಅಂತಾರೆ. ಬಾಗಿಲು ದಾಟಿದರೆ ಬಟ್, ಅದನ್ನು ಹಾದು ಹೋದರೆ ಬೆನ್. ಮೂಲದಲ್ಲಿ ಹೊರಗೆ, ಒಳಗೆ ಅಂತ ಅಷ್ಟೇ ಅರ್ಥ. ಇಂಗ್ಲಿಷಿನಲ್ಲಿ 'ಆದರೆ' ಅನ್ನುವುದಕ್ಕೆ ಇರುವ ಬಟ್ ಕೂಡ ಇದೇ ಬೇರಿನದು. ಹಾಗಾದರೆ ಪಡಸಾಲೆ, ಒಳಮನೆ ಅಂದರೆ ಮುಗೀತಲ್ವಾ ಅಂದುಕೊಂಡು ಮೊದಲ ಕರಡಿನಲ್ಲಿ ಹಾಗೇ ಬರೆದೆ. ಓದಿ ನೋಡಿದರೆ ಮನೆಯೇ ತಿರುಗುಮುರುಗಾಗಿತ್ತು.

ಯಾಕೆಂದರೆ ಒಲೆ ಇರುವುದು ಬಟ್‌ನಲ್ಲಿ. ಅಡುಗೆ, ಊಟ, ಮಕ್ಕಳ ಸ್ನಾನ, ಒದ್ದೆ ಬಟ್ಟೆ ಒಣಗಿಸುವುದು ಎಲ್ಲ ಆ ಒಂದು ಬೆಂಕಿಯ ಮುಂದೆಯೇ. ಗೋಡೆಗೆ ಸೇರಿಸಿ ಹಲಗೆಯಲ್ಲಿ ಕಟ್ಟಿದ, ಕಪಾಟಿನ ಹಾಗಿರುವ ಮಂಚ, ಅದಕ್ಕೆ ಪರದೆಯೋ ಬಾಗಿಲೋ ಇರುತ್ತದೆ, ರಾತ್ರಿ ಅದರೊಳಗೆ ಸೇರಿಕೊಂಡು ಎಳೆದುಕೊಂಡರೆ ಚಳಿ ತಾಗುವುದಿಲ್ಲ. (ಇದಕ್ಕೆ 'ಗೂಡುಮಂಚ' ಅಂತ ಬರೆದಿದ್ದೇನೆ. ಕಿವಿಗೆ ಹಿತವಾಗಿದೆಯಾ ಹೇಳಿ.) ಬೆನ್ ಅಂದರೆ ಚೆಂದದ ಕೋಣೆ. ಬೇಕಾದವರು ಬಂದರೆ 'ಕಮ್ ಬೆನ್' ಅಂತ ಅಲ್ಲಿಗೆ ಕರೆಯುತ್ತಾರೆ. ಒಬ್ಬರ ಜೊತೆ 'ಫಾರ್ ಬೆನ್' ಇದ್ದೀರಿ ಅಂದರೆ ತುಂಬಾ ಆಪ್ತರು ಅಂತ.

ನಮ್ಮಲ್ಲಿ ಇದು ಉಲ್ಟಾ. ಬಂದವರನ್ನು ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿ ನೀರು-ಬೆಲ್ಲ ಕೊಡುತ್ತೇವೆ, ತೀರಾ ಹತ್ತಿರದವರು ಮಾತ್ರ ಅಡುಗೆಮನೆವರೆಗೆ ಬರುತ್ತಾರೆ. ನಮ್ಮಜ್ಜಿ ಪಕ್ಕದ ಮನೆಯಾಕೆಯನ್ನು 'ಅವಳೇನು ಹೊರಗಿನವಳಾ, ಒಲೆ ಮುಂದೆ ಕೂರುವವಳು' ಅನ್ನುತ್ತಿದ್ದರು. ಅಲ್ಲಿ ಸಲಿಗೆ ಒಲೆಯನ್ನು ದಾಟಿ ಮುಂದೆ ಹೋಗುತ್ತದೆ, ಇಲ್ಲಿ ಒಲೆಯ ಹತ್ತಿರ ಬಂದು ನಿಲ್ಲುತ್ತದೆ. ಈ ವ್ಯತ್ಯಾಸ ಕಳೆದುಹೋಗಬಾರದು ಅನ್ನೋದೇ ನನ್ನ ಆಸೆ. ಸದ್ಯಕ್ಕೆ ಬಟ್‌ಗೆ 'ಒಲೆಕೋಣೆ' ಅಂತ ಇಟ್ಟಿದ್ದೇನೆ, 'ಫಾರ್ ಬೆನ್'ಗೆ 'ಒಳಗಿನವರು' ಒಗ್ಗುತ್ತದೆ. ಬೆನ್‌ಗೇ ಏನೂ ಹೊಳೆಯುತ್ತಿಲ್ಲ.

ಇನ್ನೊಂದು ಮಾತು. ಎಲ್ಲರ ಮನೆಗೂ ಬೆನ್ ಇರಲಿಲ್ಲ. ಸ್ಕಾಟ್‌ಲೆಂಡಿನ 1861ರ ಜನಗಣತಿಯಲ್ಲಿ ಕಿಟಕಿ ಇರುವ ಕೋಣೆ ಎಷ್ಟು ಅಂತ ಕೇಳಿ ಬರೆದುಕೊಂಡರು. ಹೆಚ್ಚುಕಡಿಮೆ ಮೂರರಲ್ಲಿ ಒಂದು ಮನೆಗೆ ಇದ್ದದ್ದು ಒಂದೇ ಕೋಣೆ. ಪಟ್ಟಣಗಳಲ್ಲಿ ಅದಕ್ಕೆ 'ಸಿಂಗಲ್ ಎಂಡ್' ಅನ್ನೋ ಹೆಸರು. 'ಒಂದಂಕಣದ ಮನೆ' ಅನ್ನಬಹುದಾ? ನಮ್ಮ ಹಳ್ಳಿಗಳಲ್ಲಿ ಮನೆಯನ್ನು ಅಂಕಣದ ಲೆಕ್ಕದಲ್ಲೇ ಹೇಳುತ್ತಿದ್ದರು. ಆದರೆ ಅಂಕಣ ಅಂದರೆ ಕಂಬದಿಂದ ಕಂಬಕ್ಕೆ ಇರುವ ಜಾಗ, ಕೋಣೆ ಅಲ್ಲ. ಜೊತೆಗೆ ಈಗಿನ ಓದುಗರಿಗೆ ಮೊದಲು ನೆನಪಾಗುವುದು ಪತ್ರಿಕೆಯ ಅಂಕಣ.

ಮುಂದೆ ಅಮೆರಿಕದಲ್ಲಿ ದೊಡ್ಡ ಉಕ್ಕಿನ ಉದ್ಯಮಿಯಾದ ಆಂಡ್ರೂ ಕಾರ್ನೆಗಿ 1835ರಲ್ಲಿ ಹುಟ್ಟಿದ್ದು ಸ್ಕಾಟ್‌ಲೆಂಡಿನ ಡನ್‌ಫರ್ಮ್‌ಲಿನ್ ಊರಿನ ನೇಕಾರರ ಮನೆಯಲ್ಲಿ. ಅಲ್ಲಂತೂ ಕೆಳಗೆ ಅಪ್ಪನ ಮಗ್ಗ, ಮೇಲಿನ ಒಂದೇ ಕೋಣೆಯಲ್ಲಿ ಇಡೀ ಸಂಸಾರ. ಕೆಳಗಿನದಕ್ಕೆ 'ಮಗ್ಗದ ಮನೆ' ಅಂತ ಬರೆದೆ. ಇಳಕಲ್, ಗುಳೇದಗುಡ್ಡದ ಕಡೆ ನೇಕಾರರ ಮನೆಯಲ್ಲಿ ಬೆಳೆದವರು ಯಾರಾದರೂ ಇದ್ದರೆ, ಮಗ್ಗ ಇರುವ ಜಾಗಕ್ಕೆ, ಅದರಾಚೆಗಿನ ಕೋಣೆಗೆ ನಿಮ್ಮ ಮನೆಯಲ್ಲಿ ಏನನ್ನುತ್ತಿದ್ದರು ಅಂತ ದಯವಿಟ್ಟು ಬರೆಯಿರಿ. ನನಗೆ ಬೇಕಾದ ಪದ ಅಲ್ಲೇ ಇರಬಹುದು.