ತಾಂಗ್ ಕಾಲದ ಚಿತ್ರ ನೋಡಿ ಹಾನ್‌ಫೂ ಹೊಲಿಸುವುದು: ಬಟ್ಟೆ, ಕತ್ತರಿಕೆ, ಬಣ್ಣ

ಜರಿಅಂಚು (ಪ್ರಶ್ನೆ)

ಬೆಂಗಳೂರಿನ ಕಾಲೇಜೊಂದರ ನೃತ್ಯರೂಪಕಕ್ಕೆ ಚೀನಾದ ತಾಂಗ್ ಕಾಲದ (618–907) ಅರಮನೆ ಹೆಂಗಸರ ಹಾನ್‌ಫೂ (ಹಾನ್ ಚೀನೀಯರ ಸಾಂಪ್ರದಾಯಿಕ ಉಡುಪು) ಬೇಕಾಗಿದೆ. ಮಾದರಿಗೆ ಇಟ್ಟುಕೊಂಡಿರುವುದು 8ನೇ ಶತಮಾನದ ಚಿತ್ರಕಾರ ಝೌ ಫಾಂಗ್ ಬರೆದದ್ದೆಂದು ಹೇಳುವ, ಮುಡಿಗೆ ಹೂ ಮುಡಿದ ಹೆಂಗಸರ ಚಿತ್ರಸುರುಳಿ. ಎದೆಯ ಮೇಲಿಂದ ಕಟ್ಟಿದ ಲಂಗ, ಮೇಲೆ ಮೈ ಕಾಣುವಷ್ಟು ತೆಳುವಾದ ಅಗಲ ತೋಳಿನ ಅಂಗಿ, ಜೊತೆಗೆ ಉದ್ದನೆಯ ಶಲ್ಯ. ಟೈಲರ್ ಇದನ್ನು ಗೌನ್ ಥರ ಕತ್ತರಿಸುತ್ತೇನೆ ಅನ್ನುತ್ತಿದ್ದಾರೆ, ಸರಿಯೇ? ಎತ್ತರ 160 ಸೆಂ.ಮೀ., ಎದೆ ಸುತ್ತಳತೆ 90. ಚಿಕ್ಕಪೇಟೆಯಲ್ಲಿ ಯಾವ ಬಟ್ಟೆ ಕೇಳಬೇಕು, ಎಷ್ಟು ಮೀಟರ್? ಕುಣಿಯುವಾಗ ಲಂಗ ಜಾರಬಾರದು. ಬಣ್ಣ ಚಿತ್ರದಲ್ಲಿರುವಂತೆ ಕಂದು ಕಂದಾಗಿಯೇ ಇರಬೇಕೆ?

ನೇಯ್ಗೆನೋಟ

ಗೌನ್ ಕತ್ತರಿಕೆ ಖಂಡಿತ ಬೇಡ. ಚಿತ್ರದಿಂದ ತೆಗೆದುಕೊಳ್ಳಬೇಕಾದದ್ದು ಯಾವುದರ ಮೇಲೆ ಯಾವುದು ಉಟ್ಟಿದ್ದಾರೆ, ಎಲ್ಲಿ ಕಟ್ಟಿದ್ದಾರೆ, ಬಟ್ಟೆ ಹೇಗೆ ಬೀಳುತ್ತದೆ ಎಂಬುದಷ್ಟೆ. ಹೊಲಿಗೆ ಎಲ್ಲಿ ಬರುತ್ತದೆ ಅನ್ನುವುದಕ್ಕೆ ನೆಲದಿಂದ ತೆಗೆದ ಉಡುಪುಗಳನ್ನೇ ನೋಡಬೇಕು. ಆ ಸುರುಳಿ ಈಗ ಲ್ಯಾವೊನಿಂಗ್ ಪ್ರಾಂತೀಯ ವಸ್ತುಸಂಗ್ರಹಾಲಯದಲ್ಲಿದೆ, ಅದರ ಎತ್ತರ ಸುಮಾರು 46 ಸೆಂ.ಮೀ. ಮಾತ್ರ. ಅಷ್ಟು ಸಣ್ಣ ಆಕೃತಿಯಲ್ಲಿ ಹೊಲಿಗೆ ಗೆರೆ ಹುಡುಕಿ ಪ್ರಯೋಜನವಿಲ್ಲ. ಅದು 10ನೇ ಶತಮಾನದ್ದಿರಬಹುದು ಎನ್ನುವ ವಿದ್ವಾಂಸರೂ ಇದ್ದಾರೆ, ಹಾಗಾಗಿ ಕಾರ್ಯಕ್ರಮದ ಪತ್ರದಲ್ಲಿ ‘8ನೇ ಶತಮಾನ’ ಎಂದು ಖಡಾಖಂಡಿತ ಹಾಕಬೇಡಿ.

ಕತ್ತರಿಕೆಯ ಗುಟ್ಟು ಮಗ್ಗದ ಪನ್ನದಲ್ಲಿದೆ, ಅಂದರೆ ನೇಯ್ದ ಬಟ್ಟೆಯ ಅಗಲದಲ್ಲಿ. ತಾಂಗ್ ನಿಯಮದಂತೆ ಒಂದು ಥಾನು ರೇಷ್ಮೆಯ ಅಗಲ 1 ಚಿ 8 ಚುನ್, ಅಂದರೆ ಸುಮಾರು 54 ಸೆಂ.ಮೀ.; ಉದ್ದ ಸುಮಾರು 12 ಮೀಟರ್. ಇಷ್ಟು ಕಿರಿದಾದ ಬಟ್ಟೆಯಲ್ಲಿ ಅಂಗಿ ಮಾಡಬೇಕಾದರೆ ಬೆನ್ನಿನ ನಡುವೆ ಒಂದು ಹೊಲಿಗೆ ಬರಲೇಬೇಕು, ತೋಳಿನ ಅರ್ಧದಲ್ಲಿ ಮತ್ತೊಂದು ತುಂಡು ಸೇರಿಸಲೇಬೇಕು. ಹೆಗಲ ಮೇಲೆ ಮಾತ್ರ ಹೊಲಿಗೆ ಇಲ್ಲ, ಬಟ್ಟೆ ಮುಂದಿನಿಂದ ಹಿಂದಕ್ಕೆ ಅಖಂಡವಾಗಿ ಹೋಗುತ್ತದೆ. ಟೈಲರ್‌ಗೆ ಮೂರೇ ಮಾತು ಹೇಳಿ: ಶೋಲ್ಡರ್ ಜಾಯಿಂಟ್ ಬೇಡ, ಆರ್ಮ್‌ಹೋಲ್ ಬೇಡ, ಡಾರ್ಟ್ ಬೇಡ. ಆರ್ಮ್‌ಹೋಲ್ ಕತ್ತರಿಸಿದರೆ ತೋಳು ಹೆಗಲಿನಿಂದ ನೇತಾಡುತ್ತದೆ; ಚಿತ್ರದಲ್ಲಿ ಕಾಣುವ, ಕತ್ತಿನಿಂದಲೇ ಇಳಿಜಾರಾಗಿ ಹರಿಯುವ ಗೆರೆ ಸಿಗುವುದೇ ಇಲ್ಲ.

ತಾಂಗ್ ನಂತರದ ಸೋಂಗ್ ಕಾಲಕ್ಕೆ (960–1279) ಬಂದರೂ ಈ ಕ್ರಮ ಹೀಗೆಯೇ. 1243ರಲ್ಲಿ ತೀರಿಕೊಂಡ ಹುವಾಂಗ್ ಶೆಂಗ್ ಎಂಬಾಕೆಯ ಸಮಾಧಿ 1975ರಲ್ಲಿ ಫೂಝೌ ನಗರದಲ್ಲಿ ಸಿಕ್ಕಿತು. ಅಲ್ಲಿನ ತೆಳು ರೇಷ್ಮೆಯ ಉಡುಪುಗಳ ಫೋಟೊಗಳಲ್ಲಿ ಹೊಲಿಗೆಗಳು ಎದ್ದು ಕಾಣುತ್ತವೆ. ಟೈಲರ್‌ಗೆ ಚಿತ್ರಸುರುಳಿಗಿಂತ ಮೊದಲು ಇದನ್ನೇ ತೋರಿಸಿ.

ಸೂಜಿದಾರ

ಮೇಲಿನವರು ಹೇಳಿದ ಪನ್ನ ನಮ್ಮಲ್ಲಿ ಸುಲಭ. 115 ಸೆಂ.ಮೀ. ಪನ್ನದ ಬಟ್ಟೆಯನ್ನು ಉದ್ದಕ್ಕೆ ಎರಡಾಗಿ ಸೀಳಿದರೆ 57ರ ಪಟ್ಟಿಗಳು.

ಅಂಗಿಗೆ ಕೋರಾ (ಎಳೆಯ ಸಹಜ ಅಂಟು ತೆಗೆಯದ) ಸಿಲ್ಕ್ ಆರ್ಗನ್ಜಾ 2.5 ಮೀ. ಇದರಲ್ಲಿ 130 ಸೆಂ.ಮೀ. ಉದ್ದದ ಎರಡು ಪಟ್ಟಿ ಮೈಗೆ, 120ರ ಎರಡು ಪಟ್ಟಿ ಮಡಿಸಿ ತೋಳಿನ ವಿಸ್ತರಣೆಗೆ. ಶಲ್ಯಕ್ಕೆ ಇನ್ನೊಂದು 2.5 ಮೀ. (ಎರಡು ಶಲ್ಯ ಆಗುತ್ತದೆ). ನೈಲಾನ್ ಆರ್ಗನ್ಜಾ ಅಗ್ಗ, ಆದರೆ ಬೀಳುವುದಿಲ್ಲ, ಚುಚ್ಚಿಕೊಂಡು ನಿಲ್ಲುತ್ತದೆ. ಕೋರಾ ಎಳೆ ಬಿಡುತ್ತದೆ. ಪಾರದರ್ಶಕವಾದ್ದರಿಂದ ಇಂಟರ್‌ಲಾಕ್ ಹಾಕಿದರೆ ಹೊರಗೆ ಕಾಣುತ್ತದೆ. 9 ಅಥವಾ 11ನೇ ನಂಬರಿನ ಸೂಜಿಯಲ್ಲಿ ಫ್ರೆಂಚ್ ಸೀಮ್ (ಕತ್ತರಿಸಿದ ಅಂಚು ಒಳಗೇ ಮುಚ್ಚಿಹೋಗುವ ಎರಡು ಸಲದ ಹೊಲಿಗೆ) ಹಾಕಿಸಿ.

ಲಂಗಕ್ಕೆ 125 ಸೆಂ.ಮೀ. ಉದ್ದದ ಆರು ಪಟ್ಟಿ, ಅಂದರೆ 3.75 ಮೀ. ಕ್ರೇಪ್ ಸಿಲ್ಕ್ ಒಳ್ಳೆಯದು. ಆರು ಸೇರಿಸಿದಾಗ ಘೇರು ಸುಮಾರು 330. ಮೇಲಿನ ಪಟ್ಟಿ 135 ಇರಲಿ, ಎದೆಯ ಒಂದೂವರೆ ಸುತ್ತು. ಎರಡೂ ತುದಿಗೆ 20–20 ನೆರಿಗೆಯಿಲ್ಲದೆ ಬಿಟ್ಟು ಉಳಿದ 290 ಅನ್ನು ಒಂದೇ ದಿಕ್ಕಿನ ನೆರಿಗೆ ಹಿಡಿದು 95ಕ್ಕೆ ತನ್ನಿ. ಎಲಾಸ್ಟಿಕ್ ಹಾಕಿ ಸುಕ್ಕು ಹಿಡಿದರೆ ಎದೆಯ ಮೇಲೆ ಗುಡ್ಡೆಯಾಗಿ ಮೈ ದಪ್ಪ ಕಾಣುತ್ತದೆ.

ಜಾರುವುದು ಏಕೆಂದರೆ ಎದೆಯಿಂದ ಕೆಳಕ್ಕೆ ಮೈ ಕಿರಿದಾಗುತ್ತದೆ, ರೇಷ್ಮೆ ನುಣುಪು, ಲಂಗದ ಭಾರವೆಲ್ಲ ಒಂದೇ ಪಟ್ಟಿಯ ಮೇಲೆ. ಆ ಪಟ್ಟಿ 5 ಸೆಂ.ಮೀ. ಅಗಲವಿರಲಿ, ನಡುವೆ ಕ್ಯಾನ್ವಾಸ್, ಮೈಗೆ ತಾಗುವ ಬದಿಗೆ ಒರಟು ಹತ್ತಿ. ಸ್ಯಾಟಿನ್ ಬೇಡವೇ ಬೇಡ. ಮೊದಲು ಮೈಗೆ ಅಗಲವಾದ ಹತ್ತಿ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಅದರ ಮೇಲೆ ಲಂಗ ಕಟ್ಟಿದರೆ ಹಿಡಿತ ಸಿಗುತ್ತದೆ. ದಾರಗಳು ತಲಾ 2 ಮೀ., ಎರಡು ಸುತ್ತು ಸುತ್ತಿ ಮುಂದೆ ಗಂಟು. ನೃತ್ಯವಾದ್ದರಿಂದ ಮೈಬಣ್ಣದ ತೆಳು ಸ್ಟ್ರಾಪ್ ಒಳಗೆ ಹಾಕಲೇಬೇಕು, ಶೈಲಿಗಿಂತ ಹುಡುಗಿಯರ ಧೈರ್ಯ ದೊಡ್ಡದು. ಕೆಳ ಅಂಚು ನೆಲದಿಂದ 3 ಸೆಂ.ಮೀ. ಮೇಲಿರಲಿ.

ಜರಿಅಂಚು

ತುಂಬಾ ಉಪಕಾರ. ಆರು ಪಟ್ಟಿ ಅತಿಯಾಗುವುದಿಲ್ಲವೇ? ಬಣ್ಣ? ಕೋರಾವನ್ನು ಮನೆಯಲ್ಲೇ ಬಣ್ಣ ಹಾಕಬಹುದೇ?

ಮಂಜಿಷ್ಠ

ಅತಿಯಾಗುವುದಿಲ್ಲ. 9ನೇ ಶತಮಾನದಲ್ಲಿ ವೆನ್‌ಝೋಂಗ್ ಚಕ್ರವರ್ತಿ ಲಂಗಕ್ಕೆ ಐದು ಪನ್ನ ಮೀರಬಾರದೆಂದು ಆಜ್ಞೆ ಹೊರಡಿಸಬೇಕಾಯಿತು ಅಂದರೆ ಜನ ಅದಕ್ಕಿಂತ ಹೆಚ್ಚು ಹಾಕುತ್ತಿದ್ದರು ಎಂದೇ ಅರ್ಥ.

ಕಂದು ಬಣ್ಣ ಬಟ್ಟೆಯದ್ದಲ್ಲ, ಚಿತ್ರ ಬರೆದ ರೇಷ್ಮೆಗೆ ವಯಸ್ಸಾದದ್ದು. ಅದನ್ನು ಅನುಸರಿಸಿದರೆ ಅರಮನೆ ಹೆಂಗಸರು ಸನ್ಯಾಸಿನಿಯರಂತೆ ಕಾಣುತ್ತಾರೆ. ತಾಂಗ್ ಕವಿತೆಗಳಲ್ಲಿ ಮತ್ತೆ ಮತ್ತೆ ಬರುವುದು ದಾಳಿಂಬೆ ಕೆಂಪು ಲಂಗ. ಆ ಕೆಂಪಿನ ಒಂದು ಮೂಲ ಕುಸುಬೆ, ನಮ್ಮ ವಿಜಯಪುರ, ಕಲಬುರಗಿ ಕಡೆ ಎಣ್ಣೆಗೆ ಬೆಳೆಯುವುದೇ. ಎಸಳನ್ನು ತಣ್ಣೀರಿನಲ್ಲಿ ಹಿಂಡಿ ಹಿಂಡಿ ಹಳದಿಯನ್ನು ಚೆಲ್ಲಬೇಕು, ಆಮೇಲೆ ಕ್ಷಾರದ ನೀರಿನಲ್ಲಿ ಕೆಂಪು ಬಿಡಿಸಿ, ಹುಳಿ ಹಾಕಿ ರೇಷ್ಮೆಗೆ ಹಿಡಿಸಬೇಕು. ಬಿಸಿ ಮಾಡಿದರೆ ಕೆಂಪು ಕೆಡುತ್ತದೆ, ಬಿಸಿಲಿಗೂ ಬೇಗ ಮಾಸುತ್ತದೆ. ಹಲವು ಪ್ರದರ್ಶನಗಳಿದ್ದರೆ ಲಂಗಕ್ಕೆ ಆಸಿಡ್ ಡೈ (ಹುಳಿ ನೀರಿನಲ್ಲಿ ರೇಷ್ಮೆಗೆ ಹಿಡಿಯುವ ರಾಸಾಯನಿಕ ಬಣ್ಣ) ವಾಸಿ: ಬಟ್ಟೆ ತೂಕದ ಶೇ. 2ರಷ್ಟು ಬಣ್ಣ, ಸ್ವಲ್ಪ ವಿನೆಗರ್, 85 ಡಿಗ್ರಿ ದಾಟಿಸದೆ ನಿಧಾನವಾಗಿ.

ಕೋರಾಗೆ ಮಾತ್ರ ಈ ಬಿಸಿ ಸ್ನಾನ ಬೇಡ. ಅದರ ಬಿಗುವು ಎಳೆಯ ಮೇಲಿನ ಅಂಟಿನದು. ಸೋಪು ಅಥವಾ ಸೋಡಾ ಹಾಕಿ ಕುದಿಸಿದರೆ ಅಂಟು ಹೋಗಿ ಅಂಗಿ ಮೈಗೆ ಅಂಟಿಕೊಳ್ಳುತ್ತದೆ, ತೋಳು ಗಾಳಿಯಲ್ಲಿ ನಿಲ್ಲುವುದಿಲ್ಲ. ರೇಷ್ಮೆ ಸಿದ್ಧಪಡಿಸುವ ಹೆಂಗಸರ ಇನ್ನೊಂದು ತಾಂಗ್ ಚಿತ್ರದ, ಬೋಸ್ಟನ್ ವಸ್ತುಸಂಗ್ರಹಾಲಯದಲ್ಲಿರುವ, ಸೋಂಗ್ ಕಾಲದ ಹ್ವೇಝೋಂಗ್ ಚಕ್ರವರ್ತಿಯ ಹೆಸರಿನ 12ನೇ ಶತಮಾನದ ಪ್ರತಿಯಲ್ಲಿ ಹೆಂಗಸರು ಒನಕೆಯಂಥ ಕೋಲು ಹಿಡಿದು ರೇಷ್ಮೆ ಕುಟ್ಟುವುದು ಇದೇ ಬಿಗುವನ್ನು ಮೆದು ಮಾಡಲು. ನಿಮಗೆ ಅಂಗಿಯಲ್ಲಿ ಬಿಗುವೇ ಬೇಕು, ಆದ್ದರಿಂದ ಬಣ್ಣ ಹಾಕಿದ ಕೋರಾವನ್ನೇ ಕೊಳ್ಳಿ. ಲಂಗ ಕೆಂಪಾದರೆ ಅಂಗಿಗೆ ಕೆನೆ ಅಥವಾ ತಿಳಿ ಹಸಿರು ಕೇಳಿ. ತೆಳುವಾದ್ದರಿಂದ ಕೆಳಗಿನ ಕೆಂಪು ಅದರೊಳಗಿಂದ ಹಾಯುತ್ತದೆ. ಕೊಳ್ಳುವ ಮುನ್ನ ಎರಡನ್ನೂ ಒಂದರ ಮೇಲೊಂದು ಇಟ್ಟು, ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಹೊರಗಿನ ಬೆಳಕಿನಲ್ಲಿ ನೋಡಿ.