ಹಳೆ ಚೇತಕ್‌ನ 6 ವೋಲ್ಟ್ ದೀಪ: 12ಕ್ಕೆ ಏರಿಸೋದಾ, ಇರೋ ವೈರಿಂಗೇ ಸರಿಮಾಡೋದಾ?

ಮಂದದೀಪ
ಬ್ಯಾಟರಿ ಇಲ್ಲದ, ಪಾಯಿಂಟ್ಸ್ (ಸ್ಪಾರ್ಕ್ ಕೊಡಿಸೋ ಸಂಪರ್ಕ) ಇರೋ 6 ವೋಲ್ಟ್ ಬಜಾಜ್ ಚೇತಕ್ ಸ್ಕೂಟರ್. ಹೆಡ್‌ಲೈಟ್ 25/25 ವ್ಯಾಟ್. ಐಡಲಿಂಗ್‌ನಲ್ಲಿ ಬಲ್ಬ್ ಕೆಂಡದ ಹಾಗೆ ಕೆಂಪಗೆ ಕಾಣುತ್ತೆ, ಅಷ್ಟೇ. ರೇಸ್ ಮಾಡಿದ್ರೆ ಹಿಂದಿನ ಬಲ್ಬ್ ಸುಟ್ಟುಹೋಗುತ್ತೆ. ಸೀದಾ ಎಲ್‌ಇಡಿ ಹಾಕಿಬಿಡಲಾ, ಇಲ್ಲ ಕರೆಂಟ್ ಹುಟ್ಟಿಸೋ ಕಾಯಿಲ್ ಹೊಸದಾಗಿ ಸುತ್ತಿಸಿ 12 ವೋಲ್ಟ್ ಮಾಡಿಸಲಾ?

ಹುಬ್ಬಳ್ಳಿ ಸ್ಪ್ಯಾನರ್
ಎರಡೂ ಆಮ್ಯಾಲೆ ನೋಡೋಣ್ರಿ. ಮೊದಲ ಅರ್ಥ್ ನೋಡ್ರಿ, ಅಂದ್ರ ಕರೆಂಟ್ ಗಾಡಿ ಮೈಮ್ಯಾಲಿಂದ ವಾಪಸ್ ಹೋಗೋ ದಾರಿ. ಗಾಡಿಗೆ ಹೊಸಾ ಬಣ್ಣ ಹೊಡದಾರ ಅಂದ್ರ ಅರ್ಥ್ ಹೋಗೇತಿ ಅಂತನ ತಿಳಕೊಳ್ರಿ. ಮಲ್ಟಿಮೀಟರ್ ಎಸಿ ರೇಂಜಿಗೆ ಇಡ್ರಿ, ಎಂಜಿನ್ ಚಾಲೂ ಮಾಡಿ ಲೈಟ್ ಹಾಕ್ರಿ. ಒಂದ್ ಪ್ರೋಬ್ ಹೆಡ್‌ಲೈಟ್ ಹೋಲ್ಡರಿನ ಲೋಹಕ್ಕ, ಇನ್ನೊಂದು ಎಂಜಿನ್ ಕೇಸಿಂಗಿಗೆ. 0.2 ವೋಲ್ಟಿಗಿಂತ ಹೆಚ್ಚಿಗೆ ತೋರಿಸ್ತಂದ್ರ ಕಳ್ಳ ಅಲ್ಲೇ ಅದಾನ. ಹ್ಯಾಂಡಲ್‌ನಿಂದ ಎಂಜಿನ್ ತನಕಾ 1.5 ಸ್ಕ್ವೇರ್ ಎಂಎಂ ವೈರ್ ಬ್ಯಾರೆ ಎಳೀರಿ. ಬೋಲ್ಟ್ ಕೂಡೋ ಜಾಗದಾಗ ಬಣ್ಣ ಕೆರೆದು, ಸ್ಟಾರ್ ವಾಷರ್ ಹಾಕಿ ಬಿಗೀರಿ, ಮ್ಯಾಲೆ ಒಂಚೂರು ವ್ಯಾಸಲೀನ್.

ಓಮ್‌ಕಾರ
ಅದಕ್ಕೊಂದು ಲೆಕ್ಕ. 25 ವ್ಯಾಟ್ 6 ವೋಲ್ಟ್ ಅಂದ್ರೆ 4.2 ಆಂಪಿಯರ್. ತುಕ್ಕು, ಸಡಿಲ ಟರ್ಮಿನಲ್, ಸವೆದ ಸ್ವಿಚ್ ಎಲ್ಲ ಸೇರಿ 0.2 ಓಮ್ ಆದ್ರೆ ದಾರೀಲೇ 0.8 ವೋಲ್ಟ್ ಮಾಯ. ಫಿಲಮೆಂಟ್ ಬಲ್ಬ್‌ನ ಬೆಳಕು ವೋಲ್ಟೇಜಿನ ಜೊತೆ ನೇರವಾಗಿ ಇಳಿಯಲ್ಲ, ಸುಮಾರು 3.4ನೇ ಘಾತದಲ್ಲಿ ಇಳಿಯುತ್ತೆ. ಹಾಗಾಗಿ 14% ವೋಲ್ಟೇಜ್ ಹೋದ್ರೆ ಬೆಳಕು 40% ಹೋಯ್ತು. ಅದೇ 25 ವ್ಯಾಟ್ 12 ವೋಲ್ಟಲ್ಲಿ 2.1 ಆಂಪಿಯರ್ ಮಾತ್ರ, ಬೆಳಕಿನ ನಷ್ಟ ಬರೀ 11% ಆಸುಪಾಸು. 12ಕ್ಕೆ ಹೋಗೋದ್ರ ನಿಜವಾದ ಲಾಭ ಇದು.

ಉಡುಪಿ ಟೂ ಸ್ಟ್ರೋಕ್
ನಿಮ್ಮ ಲೆಕ್ಕ ಬ್ಯಾಟರಿಗೆ ಸರಿ ಮಾರಾಯ್ರೇ. ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೊ ಹಾಗಲ್ಲ. ವೇಗ ಏರಿದ ಹಾಗೆ ವೋಲ್ಟೇಜೂ ಏರ್ತದೆ, ಫ್ರೀಕ್ವೆನ್ಸಿ ಏರಿ ಕಾಯಿಲ್‌ನ ಅಡ್ಡಿಯೂ ಏರ್ತದೆ. ಹಾಗಾಗಿ ಒಂದು ಹಂತದ ಮೇಲೆ ಕರೆಂಟ್ ಹೆಚ್ಚು ಕಡಿಮೆ ಅಷ್ಟೇ ಉಳೀತದೆ. ಆ ಹಂತದಲ್ಲಿ 0.2 ಓಮ್ ದೊಡ್ಡ ವಿಷಯ ಅಲ್ಲ.

ಓಮ್‌ಕಾರ
ಒಪ್ಪಿದೆ. ಆದ್ರೆ ಅವರ ತಕರಾರೇ ಐಡಲಿಂಗ್ ಬಗ್ಗೆ. ಕೆಳಗಿನ ವೇಗದಲ್ಲಿ ನನ್ನ ಲೆಕ್ಕವೇ ನಡೆಯೋದು.

ಹುಬ್ಬಳ್ಳಿ ಸ್ಪ್ಯಾನರ್
ಹಿಂದಿನ ಬಲ್ಬ್ ಸುಡೋದು ಬ್ಯಾರೆ ರೋಗ್ರಿ. ಈ ಗಾಡ್ಯಾಗ ವೋಲ್ಟೇಜ್ ಮಿತಿಯೊಳಗ ಇಡೋ ರೆಗ್ಯುಲೇಟರ್ ಇಲ್ಲ, ಬಲ್ಬುಗಳ ಲೋಡ ವೋಲ್ಟೇಜ್ ಹಿಡದು ನಿಲ್ಲಸ್ತೈತಿ. ಹೈ-ಲೋ ಬದಲಿಸೋ ಡಿಪ್ಪರ್ ಸ್ವಿಚ್ ಸವದು ನಡುವ ಒಂದ್ ಕ್ಷಣ ಸಂಪರ್ಕ ತಪ್ಪಿತಂದ್ರ, ಹೆಡ್‌ಲೈಟಿನ ಅಷ್ಟೂ ಕರೆಂಟ್ ಆ 5 ವ್ಯಾಟಿನ ಬಡಪಾಯಿ ಮ್ಯಾಲೆ ಬೀಳ್ತೈತಿ. ಬಲ್ಬ್ ಬದಲಿ ಮಾಡಿ ಉಪಯೋಗಿಲ್ಲ, ಸ್ವಿಚ್ ಬದಲಿ ಮಾಡ್ರಿ.

ಉಡುಪಿ ಟೂ ಸ್ಟ್ರೋಕ್
ಈಗ ಮುಖ್ಯ ಮಾತಿಗೆ ಬನ್ನಿ. ಕಾಯಿಲ್ ಸುತ್ತಿಸುವುದೇ ಬೇಡ. ಈಗಿರುವ ಕಾಯಿಲ್‌ಗೇ 12 ವೋಲ್ಟ್‌ನ ಎಸಿ ರೆಗ್ಯುಲೇಟರ್ ಕಟ್ಟಿ, ಬಲ್ಬ್ ಎಲ್ಲ 12 ವೋಲ್ಟ್‌ನದ್ದು ಹಾಕಿ. ಕರೆಂಟ್ ಅದೇ 4 ಆಂಪಿಯರ್, ವೋಲ್ಟೇಜ್ ಡಬಲ್, ಅಂದರೆ ವ್ಯಾಟ್ ಡಬಲ್. ಕಾಯಿಲ್ ಬಿಸಿ ಆಗುವುದು ಕರೆಂಟಿನಿಂದ, ಹಾಗಾಗಿ ಸುಡುವುದೂ ಇಲ್ಲ. ರೆಗ್ಯುಲೇಟರ್‌ನ ಲೋಹದ ಮೈಗೆ ಮಾತ್ರ ಗಟ್ಟಿ ಅರ್ಥ್ ಕೊಡಬೇಕು, ಇಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಕಾಯಿಲ್ ಕಟ್ಟೆ
ವ್ಯಾಟ್ ಡಬಲ್ ಆಗೋದು ಮೇಲಿನ ವೇಗದಲ್ಲಿ ಸಾರ್. 6 ವೋಲ್ಟಿಗೆ ಸುತ್ತಿದ ಕಾಯಿಲ್ ಕೆಳಗಿನ ವೇಗದಲ್ಲಿ 12 ಮುಟ್ಟೋದೇ ಇಲ್ಲ. ಗುಂಡಿ ನೋಡ್ಕೊಂಡು ಸೆಕೆಂಡ್ ಗೇರಲ್ಲಿ ಹೋಗುವಾಗಲೇ ಬೆಳಕು ಬೇಕಿರೋದು, ಆಗಲೇ ಅದು ಮೊದಲಿಗಿಂತ ಮಂದ. ಸುತ್ತಿಸಿ: ಸುತ್ತು ಎರಡರಷ್ಟು, ತಂತಿಯ ಅಡ್ಡಕೊಯ್ತ ಅರ್ಧ. 1 ಮಿ.ಮೀ. ತಂತಿ ಇದ್ರೆ ಹೊಸದು 0.7 ಮಿ.ಮೀ. ಅದೇ ಜಾಗದಲ್ಲಿ ಕೂರುತ್ತೆ. ವ್ಯಾಟ್ ಜಾಸ್ತಿ ಆಗಲ್ಲ, ಆದ್ರೆ ಐಡಲಿಂಗಲ್ಲಿ ಮೊದಲಿಗಿಂತ ಕಡಿಮೆಯೂ ಆಗಲ್ಲ.

ಹೇಗೂ ಮ್ಯಾಗ್ನೆಟ್ ಇರೋ ಫ್ಲೈವೀಲ್ ಬಿಚ್ಚಲೇಬೇಕು. ಕಾಯಿಲ್‌ಗಳು ಕೂರೋ ಸ್ಟೇಟರ್ ಪ್ಲೇಟಿಂದ ಹೊರಬರೋ ವೈರ್‌ಗಳ ಹೊದಿಕೆ ಬಿಸಿಗೆ, ಎಣ್ಣೆಗೆ ಹಪ್ಪಳದ ಹಾಗೆ ಪುಡಿ ಆಗಿರುತ್ತೆ. ಅದೇ ಅರ್ಧ ಗಾಡಿಗಳ ರೋಗ. ಪ್ಲೇಟ್ ಬಿಚ್ಚೋಕೆ ಮುಂಚೆ ಕೇಸಿಂಗ್ ಮೇಲೂ ಪ್ಲೇಟ್ ಮೇಲೂ ಸೇರಿಸಿ ಒಂದು ಗೆರೆ ಎಳೀರಿ, ಇಲ್ಲಾಂದ್ರೆ ಸ್ಪಾರ್ಕ್ ಟೈಮಿಂಗ್ ಹೋಯ್ತು. ಹೊಸ ವೈರ್ ಸಿಲಿಕೋನ್ ಹೊದಿಕೆಯದ್ದೇ ಆಗಿರಲಿ. ಫ್ಲೈವೀಲ್ ನಟ್ ಹತ್ತಿರ ಸರ್ಕ್ಲಿಪ್ (ಉಂಗುರದಂಥ ಕ್ಲಿಪ್) ಇದ್ರೆ ತೆಗೀಬೇಡಿ, ನಟ್ ಬಿಚ್ಚಿದ ಹಾಗೆ ಅದೇ ಫ್ಲೈವೀಲ್ ಹೊರಗೆಳೆಯೋ ಪುಲ್ಲರ್ ಕೆಲಸ ಮಾಡುತ್ತೆ. ಸುತ್ತಿಗೆ ಮುಟ್ಟಬೇಡಿ, ಏಟು ಬಿದ್ದ ಮ್ಯಾಗ್ನೆಟ್ ಶಕ್ತಿ ಕಳ್ಕೊಳ್ಳುತ್ತೆ, ಆಮೇಲೆ ಅದನ್ನ ಚಾರ್ಜ್ ಮಾಡಿಸೋಕೆ ಅಲೀಬೇಕು. ಒಳಗೆ ಕೈ ಹಾಕಿದ ಮೇಲೆ ಪಾಯಿಂಟ್ಸ್ ಗ್ಯಾಪೂ ನೋಡಿ, 0.3ರಿಂದ 0.5 ಮಿ.ಮೀ. ಒಳಗಿರಬೇಕು.

ಮಂದದೀಪ
ಎಲ್‌ಇಡಿ ಆದ್ರೆ 12 ವ್ಯಾಟ್ ಸಾಕಲ್ವಾ? ಆಗ ಸುತ್ತಿಸೋದು ಯಾಕೆ?

ಓಮ್‌ಕಾರ
ರೆಗ್ಯುಲೇಟರ್ ಇಲ್ಲದೆ ಎಲ್‌ಇಡಿ ಹಾಕಿದ್ರೆ ಲೋಡ್ ಕಡಿಮೆ, ವೋಲ್ಟೇಜ್ ಗಗನಕ್ಕೆ, ಡ್ರೈವರ್ ಢಮಾರ್. ರೆಗ್ಯುಲೇಟರ್ ಕಡ್ಡಾಯ. ಇನ್ನು ಎಸಿಯ ಅರ್ಧ ವೇವ್ ಮಾತ್ರ ಸಿಕ್ಕರೆ ಐಡಲಿಂಗಲ್ಲಿ ಮಿಣಮಿಣ ಕಣ್ಣಿಗೇ ಕಾಣುತ್ತೆ. ಸರಿಯಾದ ದಾರಿ ಡಿಸಿ: ಕಾಯಿಲ್‌ನ ಅರ್ಥ್ ತುದಿಯನ್ನ ಪ್ಲೇಟಿಂದ ಬಿಡಿಸಿ, ಅದಕ್ಕೂ ಒಂದು ವೈರ್ ಬೆಸುಗೆ ಹಾಕಿ ಹೊರಗೆ ತನ್ನಿ. ಎರಡೂ ವೈರ್ ಎಸಿಯನ್ನ ಡಿಸಿ ಮಾಡೋ ನಾಲ್ಕು ವೈರಿನ ಫುಲ್‌ವೇವ್ ರೆಗ್ಯುಲೇಟರ್ ರೆಕ್ಟಿಫೈಯರ್‌ಗೆ. ಅಲ್ಲಿಂದ 12 ವೋಲ್ಟ್ 5 ಆಂಪಿಯರ್ ಅವರ್ ಬ್ಯಾಟರಿ, ಪ್ಲಸ್ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್. ಜೋಡಿಸೋಕೆ ಮುಂಚೆ ಮೀಟರಲ್ಲಿ ನೋಡಿ: ಎರಡು ವೈರ್ ನಡುವೆ ಹೆಚ್ಚು ಕಡಿಮೆ 1 ಓಮ್ ಒಳಗೆ, ಯಾವುದೇ ವೈರಿಂದ ಗಾಡಿ ಮೈಗೆ ಸಂಪರ್ಕವೇ ಇರಬಾರದು. ಗಾಡಿ ಮೈಗೆ ಸಂಪರ್ಕ ಉಳಿದಿದ್ರೆ ಪ್ರತಿ ಸೈಕಲ್‌ನ ಒಂದು ಅರ್ಧ ಡಯೋಡ್ ಮೂಲಕ ಶಾರ್ಟ್, ರೆಕ್ಟಿಫೈಯರ್ ಕಾದ ಕಾವಲಿ ಆಗುತ್ತೆ. ಒಂದೇ ಒಂದು ಬಲ್ಬನ್ನೂ ಹಳೇ ಎಸಿ ಲೈನಲ್ಲಿ ಬಿಡಬೇಡಿ, ಕಾರಣ ಅದೇ.

ಉಡುಪಿ ಟೂ ಸ್ಟ್ರೋಕ್
ಹಾರ್ನ್ ಮರೆತಿರಿ. ಎಸಿ ಹಾರ್ನ್‌ಗೆ ಡಿಸಿ ಕೊಟ್ಟರೆ ಒಮ್ಮೆ "ಟಕ್" ಅಂತದೆ, ಮತ್ತೆ ಮೌನ. ಡಿಸಿ ಹಾರ್ನ್ ಬೇಕು. ಇಗ್ನಿಷನ್ ಕಾಯಿಲ್‌ನ ವೈರ್, ಆಫ್ ಮಾಡುವ ಸ್ವಿಚ್‌ನ ವೈರ್ ಈ ಹೊಸ ಲೈನ್‌ಗೆ ತಾಗಲೇಬಾರದು. ಇಷ್ಟೆಲ್ಲ ಮಾಡಿಯೂ ಎಲ್‌ಇಡಿ ಹಾಕಿದರೆ ಹಳೇ ರಿಫ್ಲೆಕ್ಟರ್‌ನಲ್ಲಿ ಬೆಳಕು ಚೆಲ್ಲಾಪಿಲ್ಲಿ. ಆ ಬಟ್ಟಲು ಫಿಲಮೆಂಟ್ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಎದುರಿನವರ ಕಣ್ಣಿಗೆ ಬೆಳಕು, ನಮ್ಮ ರಸ್ತೆಗೆ ಕತ್ತಲೆ.

ಕಾಯಿಲ್ ಕಟ್ಟೆ
ಅದಕ್ಕೇ ನಂದು 12 ವೋಲ್ಟ್ 35/35 ಹ್ಯಾಲೊಜನ್‌ಗೆ ಓಟು. ಹಳೇ ಹೋಲ್ಡರ್‌ಗೆ ಬಿಎ20ಡಿ ಬುಡದ್ದು ಕೇಳಿ. ಎಚ್4 ಅಂತ 60/55 ತಂದು ಹಾಕಬೇಡಿ, ಮ್ಯಾಗ್ನೆಟೊ ಅಷ್ಟು ಕೊಡಲ್ಲ. ರಿಫ್ಲೆಕ್ಟರ್ ಕಪ್ಪಾಗಿದ್ರೆ ಮೊದಲು ಅದನ್ನ ಬದಲಿಸಿ. ಬೆಂಗಳೂರಲ್ಲಾದ್ರೆ ಜೆ.ಸಿ. ರಸ್ತೆಯಲ್ಲಿ ಹುಡುಕಿ.

ಓಮ್‌ಕಾರ
25 ವ್ಯಾಟ್ ಕೊಡ್ತಿದ್ದ ಕಾಯಿಲ್ ಸುತ್ತಿಸಿದ ಮೇಲೂ ವ್ಯಾಟ್ ಅಷ್ಟೇ ಅಂತ ನೀವೇ ಹೇಳಿದ್ರಿ. ಈಗ 35 ಹಾಕಿ ಅಂತೀರಲ್ಲ?

ಕಾಯಿಲ್ ಕಟ್ಟೆ
ಸಿಕ್ಕಿಬಿದ್ದೆ. ಸುತ್ತಿಸಿದ್ರೆ 12 ವೋಲ್ಟ್ 25/25. 35 ಬೇಕಂದ್ರೆ ಹೆಚ್ಚು ವ್ಯಾಟಿನ ಸ್ಟೇಟರ್ ಪ್ಲೇಟ್, ಅದಕ್ಕೆ ಹೊಂದೋ ಫ್ಲೈವೀಲ್ ಎರಡೂ ಜೋಡಿಯಾಗಿ ಬದಲಿಸಬೇಕು.

ಮಂದದೀಪ
ಅರ್ಥ್ ಅಳೆದು ನೋಡಿದೆ. ಹೋಲ್ಡರ್‌ಗೂ ಎಂಜಿನ್‌ಗೂ ನಡುವೆ 1.1 ವೋಲ್ಟ್.

ಹುಬ್ಬಳ್ಳಿ ಸ್ಪ್ಯಾನರ್
ನೋಡ್ರಿ ಮತ್ತ. ಎರಡು ಮೀಟರ್ ವೈರ್ ತರ್ರಿ ಮೊದಲ.