ಹಳೆ ಬೋಟಿನ ಕುಡಿಯುವ ನೀರಿನ ಟ್ಯಾಂಕ್: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಮಂಜೇಶ್ವರದವನು. ನಮ್ಮದು ಅಪ್ಪನ ಕಾಲದ ಮೀನಿನ ಬೋಟು. ಹಲಗೆಯ ಅಡಿಯಲ್ಲಿ 300 ಲೀಟರಿನ ಸ್ಟೀಲ್ ಟ್ಯಾಂಕ್ ಉಂಟು.

ಮಳೆಗಾಲದ 52 ದಿನದ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧದಲ್ಲಿ ಬೋಟು ಸುಮ್ನೆ ನಿಂತಿತ್ತು. ಟ್ಯಾಂಕ್ ಖಾಲಿ ಮಾಡಲು ನಾನು ಮರೆತೆ. ಈಗ ಎಷ್ಟು ತೊಳೆದರೂ ನೀರಿಗೆ ಕೆಸರಿನ ವಾಸನೆ. ಕೈ ಹಾಕಿದರೆ ಒಳಗೆಲ್ಲ ಲೋಳೆ, ಜಾರುತ್ತದೆ. ಕಳೆದ ವಾರ ಇಬ್ಬರು ಹುಡುಗರಿಗೆ ನಡು ಸಮುದ್ರದಲ್ಲೇ ಭೇದಿ ಶುರುವಾಯಿತು. ದಡ ಮುಟ್ಟುವ ತನಕ ನನಗೆ ಜೀವದಲ್ಲಿ ಜೀವ ಇರಲಿಲ್ಲ. ಸದ್ಯ ಕ್ಯಾನಿನಲ್ಲಿ ನೀರು ಒಯ್ಯುತ್ತಿದ್ದೇವೆ.

ಲೋಳೆಯ ಮೇಲೆಯೇ ಬ್ಲೀಚ್ ಸುರಿದರೆ ಅದರೊಳಗಿನ ರೋಗಾಣು ಪೂರ್ತಿ ಸಾಯುವುದಿಲ್ಲ. ಹಾಗಾಗಿ ಮೊದಲು ಉಜ್ಜಬೇಕು. ಆಮೇಲೆ ಟ್ಯಾಂಕ್ ತುಂಬಿಸಿ, ಪರಿಮಳ ಸೇರಿಸದ 5 ಶೇಕಡ ಬ್ಲೀಚನ್ನು ಲೀಟರಿಗೆ 1 ಮಿಲಿಯಂತೆ, ಅಂದರೆ 300 ಮಿಲಿ ಹಾಕಿ, ಪೈಪಿನಲ್ಲೂ ಹರಿಸಿ ನಾಲ್ಕು ಗಂಟೆ ಬಿಡುತ್ತೇನೆ. ಆ ನೀರನ್ನೆಲ್ಲ ಚೆಲ್ಲಿ, ವಾಸನೆ ಹೋಗುವ ತನಕ ತೊಳೆಯುತ್ತೇನೆ. ಜೊತೆಗೆ ವಿನೆಗರ್ ಹಾಕು ಅಂದರು ಒಬ್ಬರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಎರಡೂ ಸೇರಿದರೆ ವಿಷಗಾಳಿ ಬರುತ್ತದೆ.

ನನ್ನ ಕಷ್ಟ ಇಷ್ಟೇ. ಟ್ಯಾಂಕಿನೊಳಗೆ ಅಡ್ಡ ತಗಡುಗಳಿವೆ, ಅವುಗಳ ಹಿಂದೆ ಕೈ ಹೋಗುವುದಿಲ್ಲ. ಅಲ್ಲಿ ಹೇಗೆ ಉಜ್ಜುವುದು? ಮೇಲೆ ಇನ್ನೊಂದು ಬಾಯಿ ಕೊರೆಸಿದವರು ಇದ್ದೀರಾ? ಹಳೆ ರಬ್ಬರ್ ಪೈಪನ್ನೂ ಬದಲಿಸುವುದೇ ಒಳ್ಳೆಯದು ಅಲ್ವಾ? ಮಾಡಿ ನೋಡಿದವರು ದಯವಿಟ್ಟು ಹೇಳಿ. ಸೋಮವಾರ ಮತ್ತೆ ಹೊರಡಬೇಕು.